ಬೌಲ್ ಮುಗಿದ ಮೇಲೆ

ಮೊನ್ನೆ ಆಫೀಸಿನ ಕೆಲಸಕ್ಕೆಂದು ಆಸ್ಟಿನ್‌ಗೆ ಹೋಗಿ, ದ ಡೊಮೇನ್ ಎಂಬ ಶಾಪಿಂಗ್ ಬಡಾವಣೆಯ ಹತ್ತಿರದ ಹೋಟೆಲೊಂದರಲ್ಲಿ ಇಳಿದಿದ್ದೆ. ಬೆಳಿಗ್ಗೆ ತಿಂಡಿಗೆ ಹೋಗುವಾಗ ಕಾರಿಡಾರಿನಲ್ಲಿ ಯಾರೋ ಲಾಂಡ್ರಿ ಕೋಣೆಯ ಬಾಗಿಲು ತೆರೆದರು. ಡ್ರೈಯರ್‌ನಿಂದ ಆಗಷ್ಟೇ ತೆಗೆದ ಬಿಸಿ ಬೆಡ್‌ಶೀಟಿನ ವಾಸನೆ, ಜೊತೆಗೆ ಮೂಗು ಚುರುಗುಟ್ಟಿಸುವ ಬ್ಲೀಚ್... ಕಾಲು ಅಲ್ಲೇ ನಿಂತುಬಿಟ್ಟಿತು. ಕೆಲಸದ ಹೆಂಗಸು ಏನಾದರೂ ಬೇಕಿತ್ತಾ ಎಂದು ಕೇಳಿದಳು. ಏನು ಬೇಕು ಅಂತ ಹೇಳಲಿ? ಟವೆಲ್ ಬೇಕು ಎಂದೆ. ಕೊಟ್ಟಳು. ರೂಮಿಗೆ ವಾಪಸ್ಸು ಬಂದು ಅದರಲ್ಲಿ ಮುಖ ಮುಚ್ಚಿಕೊಂಡು ಕೂತೆ. ತಿಂಡಿಗೆ ಹೋಗಲಿಲ್ಲ.

ಆಂಟಿಯ ಸೀರೆಗೆ, ಕೈಗೆ, ಅವರು ಕೊಡುವ ಕಾಫಿಗೆ ಕೂಡ ಅದೇ ವಾಸನೆ ಇರುತ್ತಿತ್ತು.

ಅವರಿಗೆ ಚೆಂದದ ಹೆಸರಿತ್ತು. ಆದರೆ ಡಾಲಸ್‌ನ ಕನ್ನಡದವರ ಬಾಯಲ್ಲಿ ಅವರು 'ಮೋಟೆಲ್ ಆಂಟಿ'. ಪ್ರೀತಿಯಿಂದ ಹಾಗನ್ನುವವರೂ ಇದ್ದರು, ಸ್ವಲ್ಪ ಮೂಗು ಮುರಿದು ಅನ್ನುವವರೂ ಇದ್ದರು. ಆಂಟಿಗೆ ಅದು ಗೊತ್ತಿತ್ತು, ಕ್ಯಾರೇ ಅನ್ನುತ್ತಿರಲಿಲ್ಲ. ಅಂಕಲ್ ಇಂಜಿನಿಯರ್. ಹುಬ್ಬಳ್ಳಿ ಕಡೆಯವರು. ಹ್ಯೂಸ್ಟನ್‌ನ ತೈಲ ಕಂಪನಿಯೊಂದರಲ್ಲಿ ಒಳ್ಳೆಯ ಕೆಲಸದಲ್ಲಿದ್ದವರು. ಎಣ್ಣೆಯ ಬೆಲೆ ಬಿದ್ದಾಗ ಕೆಲಸ ಹೋಯಿತು. ಮೋಟೆಲ್ ನಡೆಸುತ್ತಿದ್ದ ಗುಜರಾತಿ ಗೆಳೆಯರೊಬ್ಬರ ಮಾತು ಕೇಳಿ, ಇದ್ದಬದ್ದದ್ದನ್ನೆಲ್ಲ ಸುರಿದು, ಡಾಲಸ್‌ನ ಪೂರ್ವಕ್ಕೆ ಹಳೆಯ ಫುಟ್‌ಬಾಲ್ ಸ್ಟೇಡಿಯಮ್ಮಿನ ಹತ್ತಿರ ಎರಡು ಅಂತಸ್ತಿನ ಮೋಟೆಲ್ ಕೊಂಡರು. ಮಕ್ಕಳಿರಲಿಲ್ಲ. ಆಫೀಸಿನ ಹಿಂದಿನ ಎರಡು ಕೋಣೆಗಳೇ ಮನೆ.

ನಾನು ಆಗ ಹೊಸದಾಗಿ ಮದುವೆಯಾಗಿ ಮೈಸೂರಿನಿಂದ ಬಂದವಳು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಗಂಡನ ವೀಸಾದ ಬಾಲ ಹಿಡಿದು ಬಂದವರು ಕೆಲಸ ಮಾಡುವ ಹಾಗಿರಲಿಲ್ಲ. ಎಂಎಸ್ಸಿ ಓದಿ ಬಂದು ಡಾಲಸ್ ಪಕ್ಕದ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ಗೋಡೆ ನೋಡುತ್ತಾ ಕೂತಿದ್ದೆ. ಕನ್ನಡದವರ ಯುಗಾದಿ ಊಟದಲ್ಲಿ ಆಂಟಿ ಪಕ್ಕದಲ್ಲಿ ಕೂತರು. ನಾನು ಏನು ಹೇಳಿದೆನೋ, ಮುಖ ಹೇಗಿತ್ತೋ. ಊಟ ಮುಗಿಯುವ ಹೊತ್ತಿಗೆ ತೀರ್ಮಾನವೇ ಆಗಿತ್ತು.

"ಒಬ್ಬಾಕಿನ ಮನ್ಯಾಗ ಕುಂತು ತಲಿ ಕೆಡಿಸ್ಕೋಬ್ಯಾಡ ತಂಗಿ. ನಮ್ಮಲ್ಲಿ ಬಾ, ಮಾತಾಡ್ಕೋತ ಟವೆಲ್ ಮಡಚೂಣು."

ನನ್ನ ಗಂಡನಿಗೆ ಆಗ ಡಾಲಸ್ ಡೌನ್‌ಟೌನ್‌ನಲ್ಲಿ ಪ್ರಾಜೆಕ್ಟ್. ಬೆಳಿಗ್ಗೆ ನನ್ನನ್ನು ಮೋಟೆಲಿನಲ್ಲಿ ಇಳಿಸಿ, ಸಂಜೆ ಕರೆದುಕೊಂಡು ಹೋಗುತ್ತಿದ್ದ. ಟವೆಲ್ ಮಡಚುತ್ತಾ ಮಡಚುತ್ತಾ ನಾನು ಬದುಕಿಕೊಂಡೆ. ಇದು ಉತ್ಪ್ರೇಕ್ಷೆಯಲ್ಲ. ಆ ವರ್ಷ ಆಂಟಿ ಇಲ್ಲದಿದ್ದರೆ ನಾನು ಊರಿಗೆ ಓಡಿಹೋಗಿರುತ್ತಿದ್ದೆ.

ಕಾಲೇಜು ಫುಟ್‌ಬಾಲ್ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಲಾಂಡ್ರಿ ಕೋಣೆಯಲ್ಲಿ ಕಲಿತದ್ದು. ಇದು ಕಾಲಿನಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ಟೆಕ್ಸಸ್‌ನವರಿಗೆ ಇದು ಅನ್ನ ನೀರಿನ ಹಾಗೆ. ಆದರೆ ಇಷ್ಟು ದೊಡ್ಡ ಆಟಕ್ಕೆ ಆಗ ನಮ್ಮ ಕ್ರಿಕೆಟ್ ಟೂರ್ನಿಗಳ ಹಾಗೆ ಸೆಮಿಫೈನಲ್, ಫೈನಲ್ ಅಂತ ಸರಿಯಾಗಿ ಇರಲಿಲ್ಲ. ಸೀಸನ್ ಮುಗಿದ ಮೇಲೆ ಬೇರೆ ಬೇರೆ ಊರಿನ ಸಮಿತಿಗಳು ಎರಡೆರಡು ತಂಡಗಳನ್ನು ಬನ್ನಿ ಎಂದು ಕರೆದು, ಕ್ರಿಸ್‌ಮಸ್ಸು ಹೊಸವರ್ಷದ ಆಸುಪಾಸಿನಲ್ಲಿ ಒಂದೊಂದು ಪಂದ್ಯ ಆಡಿಸುತ್ತಿದ್ದವು. ಅದೇ ಬೌಲ್. ಕೊನೆಗೆ ದೇಶಕ್ಕೆಲ್ಲ ಚಾಂಪಿಯನ್ ಯಾರು ಎನ್ನುವುದಕ್ಕೆ ವೋಟು, ಕಂಪ್ಯೂಟರು, ವರ್ಷವಿಡೀ ಜಗಳ. ಇದೆಲ್ಲ ಬಿಟ್ಟು ನಾಕೌಟ್ ಪಂದ್ಯಗಳನ್ನು ಆಡಿಸಿ, ಗೆದ್ದವರು ಮುಂದಕ್ಕೆ, ಸೋತವರು ಮನೆಗೆ ಎನ್ನುವವರದು ಪ್ಲೇಆಫ್ ಪಕ್ಷ.

ಡಾಲಸ್‌ಗೂ ಹೊಸವರ್ಷದ ದಿನ ಒಂದು ಬೌಲ್ ಇತ್ತು. ಆಂಟಿಯ ಮೋಟೆಲ್ ನಿಂತದ್ದು ಅದರ ಮೇಲೆ.

ವರ್ಷವೆಲ್ಲ ಅಲ್ಲಿ ಇಳಿಯುತ್ತಿದ್ದವರು ಟ್ರಕ್ ಡ್ರೈವರುಗಳು, ರಸ್ತೆ ಕೆಲಸದವರು, ಮನೆಯಲ್ಲಿ ಜಗಳವಾಡಿ ಬಂದ ಗಂಡಸರು. ಅವರಿಂದ ಬರುವುದು ಬ್ಯಾಂಕಿನ ಕಂತಿಗೆ, ಕರೆಂಟಿಗೆ ಸರಿಹೋಗುತ್ತಿತ್ತು. ಬೌಲ್ ವಾರದಲ್ಲಿ ಮಾತ್ರ ದೂರದೂರಿನ ಅಭಿಮಾನಿಗಳು ಸಂಸಾರ ಸಮೇತ ಬಂದು ನಾಲ್ಕೈದು ದಿನ ಉಳಿಯುತ್ತಿದ್ದರು. ಊರಿಗೆ ಬೌಲ್‌ನಿಂದ ಇಷ್ಟು ಕೋಟಿ ಲಾಭ ಎಂದು ಪೇಪರಿನಲ್ಲಿ ಬರುತ್ತಿತ್ತು. ತಂಡಗಳು, ಬ್ಯಾಂಡ್‌ನವರು, ಸೂಟು ಹಾಕಿದವರು ಎಲ್ಲ ಡೌನ್‌ಟೌನ್‌ನ ದೊಡ್ಡ ಹೋಟೆಲುಗಳಿಗೇ ಹೋಗುತ್ತಿದ್ದರು. ಅಲ್ಲಿ ತುಂಬಿ ತುಳುಕಿದ್ದು ಹರಿದು ಬಂದರೆ ಆಂಟಿಗೆ. ಆ ತುಳುಕಿದ ನೀರಲ್ಲೇ ಅವರ ವರ್ಷದ ದಾಹ ತೀರಬೇಕಿತ್ತು.

ಹಾಗಾಗಿ ಆ ಮನೆಯಲ್ಲಿ ಎಲ್ಲ ಕೆಲಸವೂ ಬೌಲ್‌ಗೆ ಕಾಯುತ್ತಿತ್ತು. ಅಂಕಲ್‌ಗೆ ಹೊಸ ಕನ್ನಡಕವೇ? ಬೌಲ್ ಮುಗೀಲಿ. ಆಂಟಿಗೆ ಹಲ್ಲುನೋವೇ? ಲವಂಗ ಇಟ್ಟುಕೊಳ್ಳಲಿ, ಬೌಲ್ ಮುಗೀಲಿ. ಹುಬ್ಬಳ್ಳಿಯಲ್ಲಿ ತಂಗಿಯ ಮಗಳ ಮದುವೆ ನವೆಂಬರಿನಲ್ಲಿ ಬಂತು, ಆಂಟಿ ಹೋಗಲಿಲ್ಲ; ಬೌಲ್ ಮುಗಿದ ಮೇಲೆ ಹೋಗಿ ಹುಡುಗ ಹುಡುಗಿಯನ್ನು ನೋಡಿ ಬಂದರಾಯಿತು ಎಂದರು. ನಾನು ಚುಡಾಯಿಸುತ್ತಿದ್ದೆ. ಆಂಟಿ, ಯಮಧರ್ಮ ಬಂದರೂ ಬೌಲ್ ಮುಗೀಲಿ ಕೂತ್ಕೋ ಅಂತೀರಾ ಎಂದೆ ಒಂದು ದಿನ. ಎಷ್ಟು ನಕ್ಕರೆಂದರೆ ಮಡಚಿದ ಟವೆಲ್ಲೆಲ್ಲ ಕೆಳಕ್ಕೆ ಬಿತ್ತು.

ಇನ್ನೊಂದು ತಮಾಷೆ ಇತ್ತು. ಟೆಕ್ಸಸ್‌ಗೆ ಟೆಕ್ಸಸ್ಸೇ ಆಸ್ಟಿನ್ ಯೂನಿವರ್ಸಿಟಿಯ ತಂಡಕ್ಕಾಗಿ ಕುಣಿಯುತ್ತಿದ್ದರೆ, ಆಂಟಿ ಮಾತ್ರ ಆ ತಂಡ ಡಾಲಸ್‌ಗೆ ಬರದಿರಲಿ ಎಂದು ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದರು. ಕಾರಣ ಸರಳ. ಆಸ್ಟಿನ್‌ನವರು ಬೆಳಿಗ್ಗೆ ಕಾರು ಹತ್ತಿದರೆ ಮಧ್ಯಾಹ್ನದ ಆಟ ನೋಡಿ ರಾತ್ರಿ ಊಟಕ್ಕೆ ಮನೆ ಸೇರುತ್ತಾರೆ. ಅವರಿಗೆ ರೂಮು ಯಾಕೆ? ಆಂಟಿಗೆ ಬೇಕಾದದ್ದು ಉತ್ತರದ ಗೋಧಿ ಸೀಮೆಯ ತಂಡ. ಅಲ್ಲಿ ಹೊಸವರ್ಷಕ್ಕೆ ಮೊಣಕಾಲಿನವರೆಗೆ ಹಿಮ. ಬಿಸಿಲು ನೋಡಲಿಕ್ಕಾದರೂ ಅಜ್ಜ ಅಜ್ಜಿ ಮೊಮ್ಮಕ್ಕಳು ಎಲ್ಲ ಹೊರಟು ಬರುತ್ತಾರೆ.

ಡಿಸೆಂಬರಿನ ಮೊದಲ ಭಾನುವಾರ ಯಾವ ಬೌಲ್‌ಗೆ ಯಾವ ತಂಡ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ನಾನು ಬಂದ ವರ್ಷ ಆಂಟಿ ತಲೆಗೆ ಎಣ್ಣೆ ಸ್ನಾನ ಮಾಡಿ, ಮಡಿ ಸೀರೆ ಉಟ್ಟು ಟಿವಿ ಮುಂದೆ ಕೂತಿದ್ದರು. ಗೋಧಿ ಸೀಮೆಯ ತಂಡದ ಹೆಸರು ಬಂತು. ಹತ್ತು ನಿಮಿಷದಲ್ಲಿ ಫೋನು ಬಡಿದುಕೊಳ್ಳತೊಡಗಿತು. ಆ ಬೌಲ್ ವಾರ ನಾನು ನೋಡಿದ ಅತಿ ಚೆಂದದ ವಾರಗಳಲ್ಲಿ ಒಂದು. ದೊಡ್ಡ ದೊಡ್ಡ ಮೈಯ, ಸಣ್ಣ ಸಣ್ಣ ಮಾತಿನ ರೈತರು, ಅವರ ಹೆಂಡಿರು, ಮೈಗೆಲ್ಲ ತಂಡದ ಬಣ್ಣ ಬಳಿದುಕೊಂಡ ಹೈಕಳು. ಬೆಳಿಗ್ಗೆ ಆಂಟಿ ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಮಾಡಿ ಆಫೀಸಿನಲ್ಲಿ ಇಡುತ್ತಿದ್ದರು. ಅದೇನೋ ಜೋಳದ ಗಂಜಿಯ ಜಾತಿಯದ್ದು ಎಂದುಕೊಂಡು ಆ ರೈತರು ಅದಕ್ಕೆ ಬೆಣ್ಣೆ ಹಾಕಿಕೊಂಡು ತಿನ್ನುತ್ತಿದ್ದರು. ಮೊದಲು ಯಾವಾಗಲೋ ಬಂದಿದ್ದ ಒಬ್ಬ ಅಜ್ಜಿ ಆಂಟಿಗೆ ಕೈಯಲ್ಲಿ ಹೆಣೆದ ಸ್ವೆಟರ್ ತಂದಿದ್ದರು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಆಫೀಸಿನ ಸೋಫಾದಲ್ಲಿ ಕೂತಿದ್ದರು. ಏನು ಮಾತಾಡಿದರೋ ಗೊತ್ತಿಲ್ಲ, ಆಂಟಿಯ ಇಂಗ್ಲಿಷು ಅಷ್ಟಕ್ಕಷ್ಟೇ.

ಅಂಕಲ್ ಪಕ್ಕಾ ಪ್ಲೇಆಫ್ ಪಕ್ಷ. ಇಂಜಿನಿಯರ್ ಅಲ್ಲವೇ, ಲೆಕ್ಕ ಸರಿ ಬರಬೇಕು. ಗೆದ್ದವರನ್ನು ವೋಟು ಹಾಕಿ ಆರಿಸುವುದು ಯಾವ ನ್ಯಾಯ ಎಂದು ದಿನಾ ಕೂಗಾಡುತ್ತಿದ್ದರು. ಗಂಡ ಹೆಂಡತಿಗೆ ರಾಜಕೀಯದ ಬಗ್ಗೆ, ದೇವರ ಬಗ್ಗೆ, ಸಂಬಂಧಿಕರ ಬಗ್ಗೆ ಜಗಳವಿರಲಿಲ್ಲ. ಇದೊಂದರ ಬಗ್ಗೆ ಇತ್ತು. ಊಟದ ಜೊತೆ ಉಪ್ಪಿನಕಾಯಿಯ ಹಾಗೆ ಅದು ದಿನಾ ಬೇಕೇ ಬೇಕು.

"ನಿಮ್ಮ ನ್ಯಾಯ ಬಂದ್ರ ಮಂದಿ ಮೂರು ಸರ್ತಿ ಮನಿ ಬಿಟ್ಟು ಬರ್ತಾರೇನ್ರಿ?" ಎನ್ನುತ್ತಿದ್ದರು ಆಂಟಿ. "ರೊಕ್ಕ ಉಳಿಸ್ಕೊಂಡು ಕಡೀ ಆಟಕ್ಕಷ್ಟ ಬರ್ತಾರ. ಅದೂ ಯಾವ ಊರಾಗ ಆಗತೈತೋ. ನಾವು ಬಾಗಲಾ ತಕ್ಕೊಂಡು ಕುಂದರೂದ."

ಆಂಟಿ ಹೇಳಿದ್ದರಲ್ಲಿ ಅರ್ಥವಿತ್ತು. ಅಂಕಲ್ ಹೇಳಿದ್ದರಲ್ಲೂ ಇತ್ತು. ವರ್ಷಕ್ಕೊಂದು ಸಲ ಯಾರೋ ಕೋಟು ಹಾಕಿದವರು ಒಂದು ಕೋಣೆಯಲ್ಲಿ ಕೂತು ಯಾವ ತಂಡವನ್ನು ಕರೆಯುತ್ತಾರೆ ಎನ್ನುವುದರ ಮೇಲೆ ಬದುಕು ಕಟ್ಟಿಕೊಳ್ಳುವುದು ಬದುಕೇ ಅಲ್ಲ ಎಂದು ಅಂಕಲ್ ಹೇಳುತ್ತಿದ್ದರು. ಮೋಟೆಲ್ ಮಾರಿ ಮತ್ತೆ ಹ್ಯೂಸ್ಟನ್‌ಗೆ ಹೋಗೋಣ, ಎಲ್ಲಾದರೂ ಸಣ್ಣ ನೌಕರಿ ಹಿಡಿಯುತ್ತೇನೆ ಎನ್ನುತ್ತಿದ್ದರು. ಆಂಟಿ ಆ ಮಾತು ಬಂದರೆ ಎದ್ದು ಹೋಗುತ್ತಿದ್ದರು. ಕೆಲಸ ಹೋದ ಮೇಲೆ ಗಂಡ ಹ್ಯೂಸ್ಟನ್‌ನಲ್ಲಿ ಎರಡು ವರ್ಷ ಕರ್ಟನ್ ಎಳೆದುಕೊಂಡು ಮಲಗಿದ್ದನ್ನು ಅವರು ನೋಡಿದ್ದರು. ಮೋಟೆಲ್ ಬಂದ ಮೇಲೆ ಆ ಮನುಷ್ಯ ಮತ್ತೆ ಬೆಳಿಗ್ಗೆ ಶೇವ್ ಮಾಡಿಕೊಂಡು, ಷರ್ಟು ಇನ್ ಮಾಡಿಕೊಂಡು ಕೌಂಟರಿನಲ್ಲಿ ನಿಲ್ಲುವ ಹಾಗಾಗಿತ್ತು. ಆಂಟಿ ಉಳಿಸಿಕೊಳ್ಳಲು ಹೆಣಗಿದ್ದು ಕಟ್ಟಡವನ್ನಲ್ಲ.

ಮಾರನೆಯ ವರ್ಷ ಆಂಟಿ ಒಂದು ತಪ್ಪು ಮಾಡಿದರು. ಅಕ್ಟೋಬರಿನಲ್ಲಿ ಹೈವೇ ಕೆಲಸದ ಕಂಟ್ರಾಕ್ಟರ್ ಬಂದು, ತನ್ನ ಕೆಲಸಗಾರರಿಗೆ ಅರ್ಧ ಮೋಟೆಲನ್ನು ಫೆಬ್ರವರಿವರೆಗೆ ಬಾಡಿಗೆಗೆ ಕೊಡಿ ಎಂದ. ಬಾಡಿಗೆ ಕಡಿಮೆ, ಆದರೆ ಖಂಡಿತ. ಅಂಕಲ್ ಕೊಟ್ಟುಬಿಡೋಣ ಎಂದರು. ಆಂಟಿ ಒಪ್ಪಲಿಲ್ಲ. ಗೋಧಿ ಸೀಮೆಯ ತಂಡ ಆ ವರ್ಷವೂ ಜೋರಾಗಿತ್ತು. ಅಲ್ಲಿಯವರು ಆಗಲೇ ಫೋನ್ ಮಾಡಿ, ನಮ್ಮ ತಂಡ ಬಂದರೆ ನಮಗೆ ರೂಮು ಎಂದು ಹೇಳಿಟ್ಟಿದ್ದರು. ಆ ಸ್ವೆಟರ್ ಅಜ್ಜಿಯೂ ಹೇಳಿದ್ದರು. ಕರೆದ ನೆಂಟರಿಗೆ ಜಾಗ ಇಲ್ಲ ಅನ್ನಲಿಕ್ಕೆ ಆಗುತ್ತದೆಯೇ? ಅಲ್ಲೇ ಆಂಟಿ ಎಡವಿದ್ದು. ಅವರನ್ನು ಕರೆಯುವುದು ಬೌಲ್ ಸಮಿತಿಯೇ ಹೊರತು ಆಂಟಿಯಲ್ಲ. ಆದರೂ ಆಂಟಿಯ ಮನಸ್ಸಿನಲ್ಲಿ ಅವರೆಲ್ಲ ತಾನೇ ಅಕ್ಷತೆ ಕೊಟ್ಟು ಕರೆದ ನೆಂಟರು. ಕಂಟ್ರಾಕ್ಟರ್ ಬೇರೆ ಮೋಟೆಲಿಗೆ ಹೋದ.

ಸೀಸನ್ನಿನ ಕೊನೆಯ ವಾರ ಗೋಧಿ ಸೀಮೆಯವರು ಸೋತರು. ಭಾನುವಾರ ಟಿವಿಯಲ್ಲಿ ಆಸ್ಟಿನ್ ತಂಡದ ಹೆಸರು ಬಂತು. ಎದುರಾಳಿಯೂ ಪಕ್ಕದ ರಾಜ್ಯದವರೇ. ಸಮಿತಿಯ ತಪ್ಪೇನಿಲ್ಲ, ಅವರಿಗೆ ಸ್ಟೇಡಿಯಂ ತುಂಬಬೇಕಿತ್ತು, ತುಂಬಿತು. ಹೊಸವರ್ಷದ ದಿನ ಮೋಟೆಲಿನ ಮುಂದಿನ ರಸ್ತೆಯಲ್ಲಿ ಆಸ್ಟಿನ್ ತಂಡದ ಕಿತ್ತಳೆ ಬಣ್ಣದ ಬಾವುಟ ಕಟ್ಟಿದ ಕಾರುಗಳು ಬೆಳಿಗ್ಗೆಯಿಂದ ಸಾಲಾಗಿ ಹೋದವು, ಸಂಜೆ ಸಾಲಾಗಿ ವಾಪಸ್ಸು ಹೋದವು. ನಮ್ಮ ಪಾರ್ಕಿಂಗ್ ಲಾಟಿನಲ್ಲಿ ನನ್ನ ಗಂಡನ ಕಾರು ಮತ್ತು ಎರಡು ಟ್ರಕ್ಕು, ಅಷ್ಟೇ. ಆಂಟಿ ಆ ದಿನವೂ ಉಪ್ಪಿಟ್ಟು ಮಾಡಿದ್ದರು. ಅದೇ ದೊಡ್ಡ ಪಾತ್ರೆಯಲ್ಲಿ. ಅಭ್ಯಾಸ ಬಲ, ಕೈ ತಡೆಯಲಿಲ್ಲ ಎಂದರು. ನಾವು ನಾಲ್ಕು ಜನ ಕೂತು ತಿಂದೆವು.

ಆಮೇಲೆ ನನ್ನ ಗಂಡನಿಗೆ ಡಾಲಸ್ ಉತ್ತರದ ಪ್ಲೇನೋದಲ್ಲಿ ಕೆಲಸವಾಗಿ ನಾವು ಅದರ ಪಕ್ಕದ ಅಲೆನ್‌ಗೆ ಶಿಫ್ಟ್ ಆದೆವು. ನನಗೂ ಕೆಲಸದ ಪರವಾನಗಿ ಬಂತು. ಮೋಟೆಲಿಗೆ ಹೋಗುವುದು ದಿನದಿಂದ ವಾರಕ್ಕೆ, ವಾರದಿಂದ ತಿಂಗಳಿಗೆ ಬಂತು. ಆ ಸೆಪ್ಟೆಂಬರಿನ ಒಂದು ಶನಿವಾರ ಹೋದಾಗ ಆಂಟಿ ಹಾಸಿಗೆಗೆ ಶೀಟು ಹೊದಿಸುತ್ತಿದ್ದರು. ಎಡಗೈ ಮೇಲಕ್ಕೆ ಏಳುತ್ತಿರಲಿಲ್ಲ. ತೋಳು ಊದಿ ಬಳೆ ಒಳಕ್ಕೆ ಒತ್ತಿತ್ತು. ಏನಾಗಿದೆ ಎಂದು ಕೇಳಿದೆ. ಉಳುಕಿರಬೇಕು ಎಂದರು. ನಾನು ಬಿಡಲಿಲ್ಲ. ಬಾತ್‌ರೂಮಿಗೆ ಕರೆದುಕೊಂಡು ಹೋಗಿ ರವಿಕೆ ಬಿಚ್ಚಿ ತೋರಿಸಿದರು... ಅದನ್ನು ಇಲ್ಲಿ ಬರೆಯಲಾರೆ. ಎದೆಯಲ್ಲಿ ಗಂಟು ಕಾಣಿಸಿಕೊಂಡದ್ದು ಹಿಂದಿನ ವರ್ಷದ ಬೇಸಿಗೆಯಲ್ಲಂತೆ. ಆಗ ಬೌಲ್ ಮುಗೀಲಿ ಎಂದುಕೊಂಡರಂತೆ. ಬೌಲ್ ಮುಗಿಯಿತು, ಕೈಯಲ್ಲಿ ಏನೂ ಇರಲಿಲ್ಲ. ಇನ್ಶೂರೆನ್ಸ್ ಕಟ್ಟುವುದನ್ನು ಯಾವತ್ತೋ ನಿಲ್ಲಿಸಿದ್ದರು. ಸರಿ, ಮುಂದಿನ ಬೌಲ್ ಎಂದುಕೊಂಡರಂತೆ.

ನನಗೆ ಬಂದ ಸಿಟ್ಟು ಎಂಥದ್ದೆಂದರೆ ಅವರನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಅಂಕಲ್‌ಗೆ ಯಾಕೆ ಹೇಳಲಿಲ್ಲ ಎಂದು ಕೂಗಿದೆ.

"ಹೇಳಿದ್ರ ಮೋಟೆಲ್ ಮಾರಿಬಿಡ್ತಿದ್ರವಾ," ಎಂದರು. "ಮತ್ತ ಆ ಕರ್ಟನ್ ಎಳಕೊಂಡು ಮಲಗಿದ್ರ, ನಾ ಎಬ್ಬಸೂದು ಹೆಂಗ?"

ಅವತ್ತೇ ಅಂಕಲ್‌ಗೆ ಹೇಳಿದೆವು. ಆಂಟಿಯ ಇನ್ನೊಬ್ಬ ತಂಗಿ ಹ್ಯೂಸ್ಟನ್‌ನಲ್ಲಿದ್ದರು. ದುಡ್ಡು, ಇನ್ಶೂರೆನ್ಸ್ ಇಲ್ಲದವರನ್ನೂ ನೋಡುವ ದೊಡ್ಡ ಆಸ್ಪತ್ರೆ ಅಲ್ಲಿತ್ತು. ಕರೆದುಕೊಂಡು ಹೋದರು. ಡಾಕ್ಟರು ಒಳ್ಳೆಯವರು, ಏನನ್ನೂ ಮುಚ್ಚಿಡಲಿಲ್ಲ. ತಡವಾಗಿದೆ ಎಂದರು. ಆದರೂ ಅಂಕಲ್ ಕೈ ಕಟ್ಟಿ ಕೂರಲಿಲ್ಲ. ಆಂಟಿ ಹೆದರಿದ್ದ ಹಾಗೇ, ಒಂದು ತಿಂಗಳಲ್ಲಿ ಮೋಟೆಲನ್ನು ಬಂದ ಬೆಲೆಗೆ ಮಾರಿದರು. ಹೆಂಡತಿಗೆ ಹೇಳಲಿಲ್ಲ. ಗುಜರಾತಿ ಗೆಳೆಯರ ತಮ್ಮ ನೋಡಿಕೊಳ್ಳುತ್ತಿದ್ದಾನೆ ಎಂದು ಸುಳ್ಳು ಹೇಳಿದರು. ನಮಗೂ ಹಾಗೇ ಹೇಳಬೇಕೆಂದು ಫೋನಿನಲ್ಲಿ ಬೇಡಿಕೊಂಡರು. ಕೊಂಡವರು ಆಗಲೇ ಕಟ್ಟಡ ಕೆಡವಲು ಶುರು ಮಾಡಿದ್ದರು.

ಡಿಸೆಂಬರಿನ ಮೊದಲ ಭಾನುವಾರ ನಾನು ಹ್ಯೂಸ್ಟನ್‌ಗೆ ಹೋದೆ. ಮಧ್ಯಾಹ್ನ. ಆಸ್ಪತ್ರೆಯ ಕೋಣೆಯಲ್ಲಿ ಆಂಟಿ ದಿಂಬಿಗೆ ಒರಗಿ ಟಿವಿ ಹಾಕಿಸಿಕೊಂಡಿದ್ದರು. ತಲೆಯಲ್ಲಿ ಕೂದಲಿರಲಿಲ್ಲ. ತಂಗಿ ಹಣೆಗೆ ಕುಂಕುಮ ಇಟ್ಟಿದ್ದರು. ಬೌಲ್‌ಗಳ ಹೆಸರು, ತಂಡಗಳ ಹೆಸರು ಒಂದೊಂದಾಗಿ ಬಂದವು. ಡಾಲಸ್‌ನ ಬೌಲ್‌ಗೆ ಗೋಧಿ ಸೀಮೆಯವರು ಎಂದರು.

ಆಂಟಿಯ ಮುಖ... ನಾನು ಅಂಥ ಬೆಳಕನ್ನು ಆಮೇಲೆ ಯಾರ ಮುಖದಲ್ಲೂ ನೋಡಿಲ್ಲ. ಅಂಕಲ್ ಕಡೆ ಕೈ ಚಾಚಿದರು.

"ನೋಡ್ರಿ, ಬಂದ್ರು. ಈ ಸಲ ಒಂದು ರೂಮೂ ಖಾಲಿ ಉಳಿಯೂದಿಲ್ಲ. ಆ ಸ್ವೆಟರ್ ಮುದುಕಿಗೆ ಮೆಟ್ಟಲಾ ಹತ್ತಾಕ ಆಗೂದಿಲ್ಲ, ಕೆಳಗಿನ ರೂಮ್ ಕೊಡಾಕ ಹೇಳ್ರಿ ಆ ಹುಡುಗಗ."

"ಹೇಳ್ತೀನಿ," ಎಂದರು ಅಂಕಲ್.

ಕಂಬಳಿ ಎಲ್ಲಿದೆ, ಮಹಡಿಯ ಕೊನೆಯ ರೂಮಿನ ಹೀಟರ್ ಹೇಗೆ ತಟ್ಟಿ ಹಾಕಬೇಕು, ರವೆ ಯಾವ ಅಂಗಡಿಯಲ್ಲಿ ಅಗ್ಗ ಎಂದು ಆಂಟಿ ಒಂದೊಂದೇ ಹೇಳುತ್ತಾ ಹೋದರು. ಅಂಕಲ್ ಪ್ರತಿಯೊಂದಕ್ಕೂ ಹೂಂ ಎಂದರು. ಇಲ್ಲದ ಮೋಟೆಲಿನ ಇಲ್ಲದ ರೂಮುಗಳಿಗೆ ಇಬ್ಬರೂ ಸೇರಿ ನೆಂಟರನ್ನು ಇಳಿಸಿದರು. ನಾನು ಕಿಟಕಿಯ ಕಡೆ ತಿರುಗಿ ನಿಂತಿದ್ದೆ. ಮೋಟೆಲ್ ಹೋದದ್ದು ಆಂಟಿಗೆ ಗೊತ್ತಿತ್ತೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ಹೊರಡುವಾಗ ನನ್ನ ಕೈ ಒತ್ತಿ, ಅವರು ದಿನಾ ಶೇವ್ ಮಾಡ್ತಾರೋ ಇಲ್ಲೋ ನೋಡ್ತಿರು ಎಂದರು. ಹೊಸವರ್ಷ ಬರುವ ಮೊದಲೇ ಆಂಟಿ ಹೋದರು.

ಅಂಕಲ್ ಕರ್ಟನ್ ಎಳೆದುಕೊಂಡು ಮಲಗಲಿಲ್ಲ. ಹ್ಯೂಸ್ಟನ್‌ನ ದೇವಸ್ಥಾನದಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಾ ಉಳಿದರು. ಎಷ್ಟೋ ವರ್ಷಗಳ ಮೇಲೆ ಪ್ಲೇಆಫ್ ಬಂತು. ಆ ವಾರ ನಾನೇ ಫೋನ್ ಮಾಡಿ, ಕೊನೆಗೂ ನೀವು ಹೇಳಿದ್ದೇ ಆಯ್ತಲ್ಲ ಅಂಕಲ್ ಎಂದೆ. ಸುಮ್ಮನೆ ಏನಾದರೂ ಮಾತಾಡಿಸಬೇಕಿತ್ತು.

"ಹೌದವಾ, ಆತು," ಎಂದರು. ಆಮೇಲೆ, "ಗೆದ್ದೆ ಅಂತ ಯಾರಿಗೆ ಹೇಳಲಿ?" ಎಂದರು.

ಹೋದಾಗ ಆಂಟಿಗೆ ಇದ್ದದ್ದಕ್ಕಿಂತ ಈಗ ನನಗೆ ಹೆಚ್ಚು ವಯಸ್ಸು. ಪ್ರತಿ ಡಿಸೆಂಬರಿನಲ್ಲಿ ಅಲೆನ್‌ನ ಕ್ಲಿನಿಕ್ಕಿನಲ್ಲಿ ಎದೆಯ ಸ್ಕ್ಯಾನ್ ಮಾಡಿಸುತ್ತೇನೆ. ಈ ಸಲವೂ ಫೋನಿನಲ್ಲಿದ್ದ ಹುಡುಗಿ, ಹಬ್ಬದ ಸಮಯ, ಎಲ್ಲರೂ ಮುಂದಕ್ಕೆ ಹಾಕಿಸಿಕೊಳ್ಳುತ್ತಿದ್ದಾರೆ, ನಿಮಗೂ ಜನವರಿಯಲ್ಲಿ ಕೊಡಲೇ ಎಂದಳು. ಬೇಡ ಎಂದೆ. ದನಿ ಒರಟಾಗಿತ್ತೇನೋ, ಪಾಪ, ಅವಳು ಕ್ಷಮೆ ಕೇಳಿದಳು. ಸೋಮವಾರ ಹೋಗಿ ಕೂತೆ. ಗೋಡೆಯ ಟಿವಿಯಲ್ಲಿ ಯಾರು ಯಾರ ಮೇಲೆ ಆಡಬೇಕು, ಯಾರಿಗೆ ಅನ್ಯಾಯವಾಯಿತು ಎಂದು ನಾಲ್ಕು ಜನ ಗಂಡಸರು ಇನ್ನೂ ಕೂಗಾಡುತ್ತಿದ್ದರು. ನನ್ನ ಹೆಸರು ಕರೆದರು. ಒಳಗೆ ಹೋದರೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ. ಅಷ್ಟೇ. ಅಷ್ಟನ್ನು ಮುಂದಕ್ಕೆ ಹಾಕಿ ಹಾಕಿ ನನ್ನ ಆಂಟಿ ಹೋದರು.